ಕತ್ತರಿಸಿದ ರೀಫಿಲ್

ಎಳೆದರೆ ತಾನೇ ಬೀಳುವ ಬೀಗ. ತನ್ನ ಬಳಿಯಿದ್ದ ಕೀಲಿಯಿಂದ ತೆಗೆದದ್ದು ಕೆಳಮನೆಯ ನರ್ಸ್. ಒಳಗೆ ಮೊದಲು ಕಾಲಿಟ್ಟದ್ದು ಪೆನ್ನಕ್ಕ.

ಫ್ಯಾನ್ ತಿರುಗುತ್ತಿತ್ತು. ಮೇಜಿನ ಮುಂದಿನ ಕುರ್ಚಿಯಲ್ಲಿ ಪದದಜ್ಜ ಕುಳಿತಿದ್ದರು. ಓದುತ್ತ ಓದುತ್ತ ತೂಕಡಿಸಿದವರ ಹಾಗೆ ತಲೆ ಎದೆಯ ಮೇಲೆ ಬಾಗಿತ್ತು. ನರ್ಸ್ ಅವರ ಮಣಿಕಟ್ಟು ಹಿಡಿದು ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

"ಹೋಗಿ ತುಂಬಾ ಹೊತ್ತಾಗಿದೆ. ನಿನ್ನೆ ಸಂಜೆನೇ ಇರ್ಬೇಕು."

ಮೇಜಿನ ಮೇಲೆ ಖಾಲಿಯಾದ ನಿದ್ದೆ ಮಾತ್ರೆಯ ಹಾಳೆ. ತಳದಲ್ಲಿ ಗಸಿ ಉಳಿದ ಕಾಫಿ ಲೋಟ. ಒಂದು ಕಾಗದ. ಅದು ಗಾಳಿಗೆ ಹಾರದಂತೆ ಮೇಲೊಂದು ನೀರಿನ ಗ್ಲಾಸು. ಪಕ್ಕದಲ್ಲಿ ಚಿನ್ನದ ಬಣ್ಣದ ಉಂಗುರವಿರುವ ಕಪ್ಪು ರೋಲರ್‌ಬಾಲ್ ಪೆನ್ನು. ಮುಚ್ಚಳ ಬೇರೆ, ಪೆನ್ನು ಬೇರೆ.

ಪೆನ್ನಕ್ಕ ಕಾಗದ ಮುಟ್ಟಲಿಲ್ಲ. ಬಗ್ಗಿ ಓದಿದಳು.

'ಇಷ್ಟು ವರ್ಷ ಸಾಕು. ನನ್ನಿಂದ ಇನ್ನಾಗದು. ಯಾರ ಮೇಲೂ ದೂರಿಲ್ಲ. ನನ್ನವರು ಎಂದು ಇಲ್ಲಿ ಯಾರೂ ಉಳಿದಿಲ್ಲ. ನಾನು ಹೊರಡುತ್ತೇನೆ.'

ನಾಲ್ಕನೆಯ ಸಾಲಿನ ಹತ್ತಿರ ಕಣ್ಣು ನಿಂತಿತು. ಅವಳು ಮತ್ತೊಮ್ಮೆ ಓದಿದಳು. ಸಾಲು ಬದಲಾಗಲಿಲ್ಲ.

* * *

ಪೆನ್ನಕ್ಕನ ಅಂಗಡಿ ಒಂದು ಜೆರಾಕ್ಸ್ ಅಂಗಡಿಗೂ ಒಂದು ದರ್ಜಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ನಿಂತಿದೆ. ಅಪ್ಪ ಬಿಟ್ಟುಹೋದ ಅಂಗಡಿ. ಈಗ ಪೆನ್ನು ರಿಪೇರಿ ಮಾಡಿಸುವವರು ಎಷ್ಟು ಜನ? ಕೆಲವು ದಿನ ಬೆಳಿಗ್ಗೆ ಬಾಗಿಲು ತೆಗೆದವಳು ಸಂಜೆ ಹಾಕುವವರೆಗೆ ತುಟಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಗುರುವಾರ ಮಾತ್ರ ಹಾಗಲ್ಲ. ಹತ್ತು ಗಂಟೆಗೆ ಪದದಜ್ಜ ಬರುತ್ತಿದ್ದರು.

ಅವರು ಕಸುಬುಗಳ ಪದಕೋಶ ಮಾಡುತ್ತಿದ್ದರು. ಬಡಗಿ, ದರ್ಜಿ, ಗಡಿಯಾರ ರಿಪೇರಿಯವ, ಹೀಗೆ ಒಬ್ಬೊಬ್ಬರ ಬಾಯಿಂದ ಪದ ಕೇಳಿ ಕಾರ್ಡಿನ ಮೇಲೆ ಬರೆಯುವುದು. ದಿನಕ್ಕೆ ಐವತ್ತು ಕಾರ್ಡು.

"ಈ ಚಿಮುಟಕ್ಕೆ ನೀವೇನಂತೀರಿ?"

"ಏನೂ ಅನ್ನಲ್ಲ. ಎತ್ಕೋತೀನಿ ಅಷ್ಟೇ."

ಅದನ್ನೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಪೆನ್ನು ಬಿಟ್ಟು ಬಿಟ್ಟು ಬರೆದರೆ ಅವಳ ಅಪ್ಪ 'ಪೆನ್ನಿಗೆ ಕೆಮ್ಮು' ಎನ್ನುತ್ತಿದ್ದ. ಅದನ್ನು ಕೇಳಿದ ದಿನ ಅಜ್ಜ ಮಗುವಿನ ಹಾಗೆ ನಕ್ಕಿದ್ದರು.

ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಅವರ ಚಿಂತೆ ಒಂದೇ. ಪದಕೋಶದ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ ರೀಫಿಲ್ ಅವರೇ ತರಿಸಿಕೊಡುತ್ತಿದ್ದರು. ಈಗ ಅದನ್ನು ಬಿಟ್ಟಾಯಿತು. ದುಬಾರಿ ಕಂಪನಿ ರೀಫಿಲ್ಲು ಎರಡೇ ವಾರಕ್ಕೆ ಬರಿದು. ಪೆನ್ನನ್ನಂತೂ ಬಿಡಲಾಗದು, ಹೆಂಡತಿ ಕೊಟ್ಟದ್ದು.

"ಬರೆಯೋದು ನಿಲ್ಸಿದ ಕೂಡ್ಲೇ ಮುಚ್ಚಳ ಹಾಕಿ," ಎಂದಿದ್ದಳು ಪೆನ್ನಕ್ಕ. "ಯೋಚ್ನೆ ಮಾಡೋದಿದ್ರೂ ಹಾಕಿ ಮಾಡಿ. ಒತ್ತಿ ಬರೀಬೇಡಿ, ಇದು ಉಳಿ ಅಲ್ಲ. ದಪ್ಪ ಮೊನೆ ಬಿಡಿ, ಸಣ್ಣದು ತಗೊಳ್ಳಿ. ಕಾರ್ಡು ನುಣುಪಾಗಿರ್ಲಿ, ಒರಟು ಕಾಗದ ಶಾಯಿ ಕುಡಿಯುತ್ತೆ."

ಇಷ್ಟರಿಂದ ಎರಡು ವಾರ ಮೂರಾಯಿತು. ಆಮೇಲೆ ಅವಳು ಒಂದು ಸಾಧಾರಣ ಜೆಲ್ ರೀಫಿಲ್ ತೆಗೆದು, ಹಿಂಬದಿಯ ಬಾಲವನ್ನು ಬ್ಲೇಡಿನಿಂದ ಎರಡು ಕೂದಲೆಳೆ ಕತ್ತರಿಸಿ, ಆ ದುಬಾರಿ ಪೆನ್ನಿನ ಹೊಟ್ಟೆಗೆ ಸರಿಯಾಗಿ ಕೂರಿಸಿದಳು. ಅದು ಒಂದೂವರೆ ತಿಂಗಳು ಬಂತು. ಅಂದಿನಿಂದ ಅದೇ. ರೀಫಿಲ್ ಮುಗಿಯದಿದ್ದರೂ ಅಜ್ಜ ಗುರುವಾರ ಬರುವುದನ್ನು ನಿಲ್ಲಿಸಲಿಲ್ಲ.

ಈ ಗುರುವಾರ ಬರಲಿಲ್ಲ. ಹನ್ನೆರಡರವರೆಗೆ ಕಾದು, ಅಂಗಡಿ ಮುಚ್ಚಿ, ಹುಡುಕಿಕೊಂಡು ಬಂದಿದ್ದಳು.

* * *

ಇನ್‌ಸ್ಪೆಕ್ಟರ್‌ಗೆ ನೆಗಡಿಯಾಗಿತ್ತು. ಕರವಸ್ತ್ರ ಹಿಡಿದುಕೊಂಡೇ ಕೋಣೆಯನ್ನು ಸುತ್ತಿದರು.

"ಪತ್ರ ಇದೆ. ಮಾತ್ರೆ ಇದೆ. ಒಂಟಿ ಮುದುಕ. ಅಕ್ಷರ ಅವರದೇ ತಾನೆ?"

"ಅವರದೇ," ಎಂದಳು ಪೆನ್ನಕ್ಕ.

"ಮತ್ತೇನಿದೆ ಹಾಗಾದ್ರೆ."

"ಪೆನ್ನಿಗೆ ಮುಚ್ಚಳ ಇಲ್ಲ."

"ಸಾಯೋಕೆ ಹೊರಟವರು ಮುಚ್ಚಳ ನೋಡ್ತಾರಾ ಅಮ್ಮ?"

ಇನ್‌ಸ್ಪೆಕ್ಟರ್ ನೀರಿನ ಗ್ಲಾಸನ್ನು ಎತ್ತಿದರು. ಕಾಗದದ ಮೇಲೆ ಗ್ಲಾಸಿನ ತಳದ ಒದ್ದೆ ಆರಿ ಉಂಗುರದ ಗುರುತು ಉಳಿದಿತ್ತು. ಉಂಗುರದೊಳಗೆ ಸಿಕ್ಕಿದ 'ಹೊರಡುತ್ತೇನೆ' ಎಂಬ ಪದ ಹರಡಿ, ಬೂದುಬಣ್ಣದ ಕಲೆಯಾಗಿತ್ತು.

ಪೆನ್ನಕ್ಕ ಅದನ್ನು ದಿಟ್ಟಿಸಿ ನೋಡಿದಳು.

"ಸಾರ್, ಆ ಪೆನ್ನು ಸ್ವಲ್ಪ ಬಿಚ್ತೀರಾ?"

ಗ್ಲೌಸ್ ಹಾಕಿದ್ದ ಪೊಲೀಸ್ ಪೇದೆ ಬಿಚ್ಚಿದ. ರೀಫಿಲ್ ಹೊರಬಂತು. ಹಿಂಬದಿ ಕತ್ತರಿಸಿದ್ದು.

"ಇದು ನಾನು ಕತ್ತರಿಸಿ ಹಾಕಿದ್ದು. ಜೆಲ್ಲು. ಇದರ ಶಾಯಿ ಒಣಗಿದ ಮೇಲೆ ನೀರು ಬಿದ್ರೂ ಹರಡಲ್ಲ. ಆ ಕಾಗದದಲ್ಲಿರೋದು ಕಂಪನಿ ರೀಫಿಲ್ ಶಾಯಿ. ಅದು ನೀರು ಮುಟ್ಟಿದ್ರೆ ಹೀಗೇ ಅಳುತ್ತೆ."

"ಬೇರೆ ಪೆನ್ನಲ್ಲಿ ಬರೆದಿರ್ಬಹುದು."

"ಹುಡುಕಿ. ಈ ಮನೇಲಿ ಇರೋದು ಇದೊಂದೇ."

ಹುಡುಕಿದರು. ಮೂರು ಪೆನ್ಸಿಲ್ ಸಿಕ್ಕವು. ಪೆನ್ನು ಸಿಗಲಿಲ್ಲ. ಗೋಡೆಯುದ್ದಕ್ಕೂ ಮರದ ಸಣ್ಣ ಡ್ರಾಯರುಗಳಿದ್ದವು, ತುಂಬ ಕಾರ್ಡು. ಪ್ರತಿ ಕಾರ್ಡಿನ ಮೂಲೆಯಲ್ಲಿ ತಾರೀಖು. ಪೇದೆ ಹತ್ತಿಯನ್ನು ನೀರಿಗೆ ಅದ್ದಿ ಒಂದೊಂದರ ಅಂಚಿಗೆ ತಾಗಿಸಿದ. ಹೋದ ವಾರದ್ದು ಹರಡಲಿಲ್ಲ. ಹೋದ ವರ್ಷದ್ದು ಹರಡಲಿಲ್ಲ. ಮೂರು ವರ್ಷದಷ್ಟು ಹಿಂದಕ್ಕೆ ಹೋದಾಗ ಹರಡಿತು. ಅದರ ಹಿಂದಿನವೆಲ್ಲ ಹರಡಿದವು.

ಇನ್‌ಸ್ಪೆಕ್ಟರ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಮಡಿಕೆಯ ಗೆರೆ. ಯಾರೋ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಮೇಲಿನ ಅಂಚು ಕತ್ತರಿ ಆಡಿಸಿದ ಹಾಗೆ ನೇರ.

"ಹಳೇ ಪತ್ರ," ಎಂದರು ನಿಧಾನವಾಗಿ. "ಯಾರಿಗೋ ಬರೆದದ್ದು. ಯಾರಿಗೆ ಅನ್ನೋ ಭಾಗ ಹಾರಿಸಿದ್ದಾರೆ."

* * *

ಮೊದಲು ಅನುಮಾನ ಬಿದ್ದದ್ದು ನರ್ಸ್ ಮೇಲೆ. ಮನೆಯ ಇನ್ನೊಂದು ಕೀಲಿ ಅವಳ ಹತ್ತಿರ. ಮಾತ್ರೆ ಅವಳ ಆಸ್ಪತ್ರೆಯದು. ಗಿಡಕ್ಕೆ ಹಾಕಿದ ನೀರು ಕೆಳಗೆ ಸೋರುತ್ತದೆಂದು ಅವಳು ಅಜ್ಜನ ಜೊತೆ ಜಗಳವಾಡಿದ್ದನ್ನು ಇಡೀ ಕಟ್ಟಡ ಕೇಳಿತ್ತು. ಎರಡು ದಿನ ಠಾಣೆಯಲ್ಲಿ ಕೂರಿಸಿದರು.

"ನಿದ್ದೆ ಬರಲ್ಲ ಅಂದ್ರು, ಎರಡು ತಿಂಗಳ ಹಿಂದೆ ಒಂದು ಹಾಳೆ ಕೊಟ್ಟೆ. ಸ್ನಾನದ ಮನೇಲಿಟ್ಕೊಂಡಿದ್ರು," ಎಂದಳು. "ತಪ್ಪು. ಒಪ್ತೀನಿ. ಆದ್ರೆ ಅವರು ನನಗ್ಯಾಕೆ ಪತ್ರ ಬರೀತಾರೆ? ನಾನು ಈ ಮನೆಗೆ ಬಂದು ಒಂದೂವರೆ ವರ್ಷ ಆಯ್ತು ಅಷ್ಟೇ."

ಬಾಡಿಗೆ ಕರಾರು ತರಿಸಿ ನೋಡಿದರು. ಒಂದೂವರೆ ವರ್ಷವೇ. ಪತ್ರ ಅವಳಿಗಿಂತ ಹಳೆಯದು. ಅವಳನ್ನು ಬಿಟ್ಟರು. ಆದರೆ ಆಸ್ಪತ್ರೆಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು.

ಹೊರಗೆ ಬಂದವಳಿಗೆ ಒಂದು ವಿಷಯ ನೆನಪಾಯಿತು. ಬುಧವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬರು ಎದುರಾಗಿದ್ದರು. ಒಳ್ಳೆಯ ಬಟ್ಟೆ, ಚರ್ಮದ ಬ್ಯಾಗು. ದಾರಿ ಬಿಡಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ಮುಖ ನೆನಪಿರಲಿಲ್ಲ.

* * *

ಭಾನುವಾರ ಅಂಗಡಿಗೆ ರಜ. ಪೆನ್ನಕ್ಕನಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು. ಒಂದು ಪಾತ್ರೆ, ಒಂದು ತಟ್ಟೆ ತೊಳೆದಿಟ್ಟಳು. ರೇಡಿಯೊ ಹಚ್ಚಿ ಆರಿಸಿದಳು. ನನ್ನವರು ಎಂದು ಯಾರೂ ಉಳಿದಿಲ್ಲ ಎಂದು ಬರೆದಾಗ ಅವರು ತನ್ನನ್ನು ಕಂಡೇ ಇರಲಿಲ್ಲ. ಇದು ಈಗ ಗೊತ್ತಿತ್ತು. ಆದರೂ ಆಮೇಲೆ ಆ ಮಾತು ಬದಲಾಯಿತೋ ಇಲ್ಲವೋ, ಯಾರನ್ನು ಕೇಳುವುದು?

ಕಪಾಟಿನಲ್ಲಿ ಪದಕೋಶದ ಮೊದಲ ಸಂಪುಟವಿತ್ತು. ಅಜ್ಜ ಸಂಸ್ಥೆ ಬಿಟ್ಟ ಮೇಲೆ ಅಚ್ಚಾದದ್ದು. ಅವರೇ ಒಂದು ಪ್ರತಿ ಕೊಟ್ಟಿದ್ದರು. ಮೇಲೆ ಒಂದೇ ಹೆಸರು, ಸಂಸ್ಥೆ ನಡೆಸುವ ಪ್ರೊಫೆಸರರದು. ಇಪ್ಪತ್ತು ವರ್ಷ ಜೊತೆಗೆ ದುಡಿದ ಅಜ್ಜನ ಹೆಸರು ಎಲ್ಲೂ ಇರಲಿಲ್ಲ. ಅವರಿಗೇನೂ ಬೇಸರವಿದ್ದ ಹಾಗೆ ಕಾಣಲಿಲ್ಲ. ಬೇರೆ ಯಾವುದೋ ಚಿಂತೆ ಇತ್ತು. "ಇದರಲ್ಲಿ ಕೆಲವು ಪದ ಯಾವ ಕಸುಬಿನವರ ಬಾಯಲ್ಲೂ ಇಲ್ಲ ಅಕ್ಕ. ಹುಡುಕ್ತಾ ಇದೀನಿ," ಎಂದಿದ್ದರು.

ಅವಳು ಸುಮ್ಮನೆ ಪುಟ ತಿರುಗಿಸಿದಳು. ಯಾರೂ ಓದದ ಮುನ್ನುಡಿಯನ್ನು, ಬೇರೆ ಕೆಲಸವಿಲ್ಲದ್ದರಿಂದ, ಓದಿದಳು. ಆರನೆಯ ಪುಟದಲ್ಲಿ ಬೆರಳು ನಿಂತಿತು.

'ಈ ದೀರ್ಘ ದಾರಿಯಲ್ಲಿ ಕೆಲವರು ಬಳಲಿದರು. "ಇಷ್ಟು ವರ್ಷ ಸಾಕು, ನನ್ನಿಂದ ಇನ್ನಾಗದು" ಎಂದು ಬರೆದು ಹೊರಟುಹೋದ ಸಹಾಯಕರೂ ಉಂಟು. ನಾನು ಮಾತ್ರ ಕೈಬಿಡಲಿಲ್ಲ.'

ಅವಳು ಚಪ್ಪಲಿ ಮೆಟ್ಟಿ ನೇರ ಠಾಣೆಗೆ ನಡೆದಳು.

* * *

ಪ್ರೊಫೆಸರರ ಕೋಣೆ ತುಂಬ ಓರಣವಾಗಿತ್ತು. ಕಬ್ಬಿಣದ ಬೀರು, ಒಳಗೆ ವರ್ಷವಾರು ಜೋಡಿಸಿದ ಫೈಲುಗಳು. ಇನ್‌ಸ್ಪೆಕ್ಟರ್ ಪೆನ್ನಕ್ಕನನ್ನೂ ಕರೆದುಕೊಂಡು ಬಂದಿದ್ದರು.

"ತುಂಬಾ ಸಂಕಟದ ವಿಷಯ," ಎಂದರು ಪ್ರೊಫೆಸರ್. "ಒಳ್ಳೆ ಮನುಷ್ಯ. ಒಂಟಿಯಾಗಿಬಿಟ್ರು."

"ಅವರು ನಿಮಗೇನಾದ್ರೂ ಪತ್ರ ಬರೆದದ್ದುಂಟಾ?"

"ಪತ್ರ? ಇಲ್ವಲ್ಲ. ಒಂದಿನ ಬರೋದು ನಿಲ್ಲಿಸಿದ್ರು ಅಷ್ಟೇ. ಅವರು ಬರೆದಿಟ್ಟ ಕಾರ್ಡುಗಳನ್ನ ಸಂಸ್ಥೆಗೆ ತಂದ್ಕೊಳ್ಳೋಕೆ ಯಾರಿಗೆ ಅರ್ಜಿ ಕೊಡ್ಬೇಕು?"

ಪೆನ್ನಕ್ಕ ಪುಸ್ತಕ ತೆರೆದು ಆ ಸಾಲನ್ನು ಗಟ್ಟಿಯಾಗಿ ಓದಿದಳು. ಇನ್‌ಸ್ಪೆಕ್ಟರ್ ಸಾವಿನ ಪತ್ರದ ಫೋಟೊ ಮೇಜಿನ ಮೇಲಿಟ್ಟರು. ಮಾತು ಅದೇ.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು.

"ಕಾಕತಾಳೀಯ," ಎಂದರು.

ಬೀರು ತೆಗೆಸಿದರು. ನಲವತ್ತು ವರ್ಷ ಒಂದು ಚೀಟಿಯನ್ನೂ ಎಸೆಯದೆ ಬದುಕಿದ ಮನುಷ್ಯ, ಈ ಸಲವೂ ಎಸೆದಿರಲಿಲ್ಲ. ಮೂರು ವರ್ಷ ಹಿಂದಿನ ಫೈಲಿನಲ್ಲಿ ಎರಡು ಬೆರಳಗಲದ ಕಾಗದದ ಪಟ್ಟಿ ಸಿಕ್ಕಿತು. ಅದರಲ್ಲಿ ತಾರೀಖು, 'ಮಾನ್ಯ ಪ್ರೊಫೆಸರರಿಗೆ' ಎಂಬ ಒಕ್ಕಣೆ. ಅದರ ಅಂಚು ಸಾವಿನ ಪತ್ರದ ಅಂಚಿಗೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ಕೆಳಗೆ ಒಂದು ಹೊಸ ಕಟ್ಟು, 'ಮೊದಲ ಸಂಪುಟದಲ್ಲಿದ್ದು ಯಾವ ಕಸುಬಿನವರ ಬಾಯಲ್ಲೂ ಇಲ್ಲದ ಪದಗಳು, ಅಚ್ಚಿಗೆ' ಎಂಬ ತಲೆಬರಹದ ಕೆಳಗೆ ನಾನೂರು ಪದಗಳ ಪಟ್ಟಿ, ಅಜ್ಜನ ಕೈಬರಹ. ಶಾಯಿ ನೀರಿಗೆ ಹರಡದ್ದು.

"ಆ ನಾನೂರು ಪದ ನೀವು ಕೂತಲ್ಲೇ ಹುಟ್ಟಿಸಿದ್ದು," ಎಂದರು ಇನ್‌ಸ್ಪೆಕ್ಟರ್. "ಯಾವ ಬಡಗೀನೂ, ಯಾವ ದರ್ಜೀನೂ ಹೇಳಿದ್ದಲ್ಲ. ಅವರು ಮೂರು ವರ್ಷ ಬೀದಿ ಬೀದಿ ತಿರುಗಿ ಒಂದೊಂದನ್ನೂ ವಿಚಾರಿಸಿ ಪಟ್ಟಿ ಮಾಡಿದ್ರು. ಅಚ್ಚು ಹಾಕಿಸ್ತೀನಿ ಅಂದ್ರು. ಅದು ಹೊರಗೆ ಬಂದ್ರೆ ನಿಮ್ಮ ಹೆಸರು ಮಣ್ಣುಪಾಲು. ಬುಧವಾರ ಮಾತಾಡೋಕೆ ಹೋದ್ರಿ. ಅವರು ಸ್ನಾನದ ಮನೇಲಿಟ್ಟಿದ್ದ ಮಾತ್ರೆ ಕಣ್ಣಿಗೆ ಬಿತ್ತು. ಕಾಫಿ ನೀವೇ ಮಾಡಿದ್ರಾ?"

"ಅವರು ಯಾವಾಗ್ಲೂ ನನಗೆ ಮಾಡಿಕೊಡ್ತಿದ್ರು," ಎಂದರು ಪ್ರೊಫೆಸರ್. "ಅವತ್ತು ನಾನು ಮಾಡ್ತೀನಿ ಅಂದಾಗ ತುಂಬಾ ಖುಷಿ ಪಟ್ರು."

ಇನ್‌ಸ್ಪೆಕ್ಟರ್ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು.

"ಪತ್ರ ಜೊತೆಗೇ ಒಯ್ದಿದ್ರಿ. ಮೇಲಿನ ಪಟ್ಟಿ ಮೊದಲೇ ಕತ್ತರಿಸಿ, ಇಸ್ತ್ರಿ ಮಾಡಿ. ಅಂದ್ರೆ ಮಾತಾಡೋಕೆ ಮಾತ್ರ ಹೋದದ್ದಲ್ಲ."

"ನೀವು ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ರಿ," ಎಂದಳು ಪೆನ್ನಕ್ಕ. "ಈಗ ತಾನೇ ಬರೆದ ಹಾಗೆ ಕಾಣ್ಲಿ ಅಂತ. ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತಿದ್ರಿ. ಅವರ ಕೈಲಿರೋ ಶಾಯಿ ಬದಲಾಗಿದೆ ಅಂತ ನಿಮಗೆ ಗೊತ್ತೇ ಆಗ್ಲಿಲ್ಲ."

"ಪೆನ್ನು ಅದೇ ಇತ್ತಲ್ಲ," ಎಂದರು ಪ್ರೊಫೆಸರ್.

* * *

ಮರುದಿನ ಹೇಳಿಕೆಗೆ ಸಹಿ ಹಾಕಲು ಪೆನ್ನಕ್ಕನನ್ನು ಕರೆಸಿದರು. ಗುಮಾಸ್ತ ತಲೆಯೆತ್ತದೆ ಕೇಳುತ್ತ ಹೋದ. ವಯಸ್ಸು. ಕಸುಬು. ವಿಳಾಸ. ಮನೆಯಲ್ಲಿ ಇನ್ಯಾರು. ಯಾರೂ ಇಲ್ಲ.

"ಮೃತರಿಗೂ ನಿಮಗೂ ಏನು ಸಂಬಂಧ?"

"ಗಿರಾಕಿ," ಎಂದಳು.

ಅವನು ಬರೆದುಕೊಂಡ. ಅವಳು ಸಹಿ ಹಾಕಿದಳು. ಬಾಗಿಲವರೆಗೆ ಹೋದಳು. ಹೊರಗೆ ಬಸ್ಸಿಗೆ ಕಾಯುವವರ ಸಾಲು, ಬಿಸಿಲು. ಅಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸ್ಸು ಬಂದಳು.

"ಅದೊಂದು ತಿದ್ಬೇಕು."

"ಯಾವುದು?"

"ಸಂಬಂಧ."

ಗುಮಾಸ್ತ ಈಗ ತಲೆಯೆತ್ತಿದ. "ಏನಂತ ಬರೀಲಿ?"

"ಸ್ನೇಹಿತರು ಅಂತ ಬರೀರಿ."

ಅವನು ಗಿರಾಕಿ ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದ. ತಿದ್ದಿದ ಕಡೆ ಇನ್ನೊಂದು ಸಹಿ ಬೇಕು ಎಂದು ಕಾಗದ ತಿರುಗಿಸಿ ಕೊಟ್ಟ. ಅವಳು ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.