ಗೌತಮಿಗೆ ಮದುವೆ ಆಯ್ತಂತೆ

"ಮದುವೆ ಆಯ್ತಂತೆ... ಒಂದು ಮಾತು ತಿಳಿಸಲೇ ಇಲ್ವಲ್ಲ ನೀವು."

ಟಿ.ಸಿ. ಕೇಳಲು ನಂಜನಗೂಡಿನ ಡಿಗ್ರಿ ಕಾಲೇಜಿಗೆ ಬಂದಿದ್ದ ಗೌತಮಿ ಕಚೇರಿಯ ಕಿಟಕಿ ಸರಳು ಹಿಡಿದು ನಿಂತುಬಿಟ್ಟಳು. ಒಳಗೆ ಕಂಪ್ಯೂಟರಿನ ಮುಂದೆ ಶಿವಸ್ವಾಮಿ. ಡಿಗ್ರಿಯುದ್ದಕ್ಕೂ ಅವಳ ಜೊತೆಗೇ ಓದಿದವನು. ಇಲ್ಲೇ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಾನೆಂದು ಅವಳಿಗೆ ಗೊತ್ತಿತ್ತು. ಫೋನ್ ಮಾಡ್ತೀನಿ ಅಂದವನು ಮಾಡಲೇ ಇಲ್ಲ ಎಂಬುದೂ ಗೊತ್ತಿತ್ತು.

ಮದುವೆಯ ಮಾತಿಗಿಂತ ಆ 'ನೀವು' ಹೆಚ್ಚು ಚುಚ್ಚಿತು.

'ಆಡಿಕೊಳ್ತಿದ್ದಾನಾ ನನ್ನನ್ನ?'

"ಯಾರು ಹೇಳಿದ್ದು?"

ಅವನು ತಲೆಯೆತ್ತದೆ ವಿವರಿಸಿದ. ಹೋದ ವರ್ಷ ಡಿಗ್ರಿ ಮುಗಿಸಿದವರಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಯಾರು ಮುಂದೆ ಓದುತ್ತಿದ್ದಾರೆ ಎಂದು ಫೋನ್ ಮಾಡಿ ಕೇಳುವುದು ಈಗ ಅವನ ಕೆಲಸ. ಹುಡುಗರು ತಾವೇ ಎತ್ತುತ್ತಾರೆ. ಹುಡುಗಿಯರದ್ದೇ ಕಷ್ಟ, ಕಾಲೇಜಿನಲ್ಲಿರುವುದು ಅವರ ಅಪ್ಪಂದಿರ ನಂಬರು. ಗೌತಮಿಯ ಮನೆಗೆ ಫೋನ್ ಮಾಡುವ ಧೈರ್ಯ ಅವನಿಗೆ ಬಂದಿದ್ದೇ ಈ ನೆಪ ಸಿಕ್ಕ ಮೇಲೆ. ಅವಳಪ್ಪ ನಾಗಯ್ಯ, ಮಗಳ ಹೆಸರು ಕೇಳಿದ್ದೇ ತಡ, ಮದುವೆ ಮಾಡಿ ಕಳಿಸಿಬಿಟ್ಟೆವು ಎಂದು ಫೋನಿಟ್ಟಿದ್ದ.

"ಅದನ್ನ ಕೇಳಿದ್ಮೇಲೆ, ಮನೇಲಿ ಬಲವಂತ ಮಾಡಿದ್ರು ಅಂತ ನಾನೂ ಹೂಂ ಅಂದೆ. ಈ ಭಾನುವಾರ ಸುತ್ತೂರಿಗೆ ಹೆಣ್ಣು ನೋಡೋಕೆ ಹೋಗ್ಬೇಕು..."

ಭಾನುವಾರಕ್ಕೆ ಇನ್ನೆಷ್ಟು ದಿನ? ಅವಳಿಗೆ ಲೆಕ್ಕ ಹಾಕಲೂ ಆಗಲಿಲ್ಲ. ನರಸೀಪುರದಲ್ಲಿ ಬಿ.ಎಡ್.ಗೆ ಸೇರಿದಾಗ ಕೊಂಡ ಮೊಬೈಲು ತೆಗೆದಳು. ದೇವನೂರಿನ ತನ್ನ ಮನೆಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅಪ್ಪಾ, ನಂಗೆ ಯಾವಾಗ್ ಮದ್ವೆ ಮಾಡ್ದೆ?"

ನಾಗಯ್ಯ ಕೆಮ್ಮಿದ. "ಯಾವನೋ ಗಂಡ್ಸು ನಿನ್ ಎಸ್ರು ಇಡ್ದು ಕೇಳ್ದ ಕಣವ್ವ. ಇನ್ನೊಂದ್ಸಲ ಮಾಡ್ದೇ ಇರ್ಲಿ ಅಂತ ಅಂಗಂದ್ಬುಟ್ಟೆ."

"ಅವ್ರು ಇಲ್ಲೇ ಅವ್ರೆ. ನನ್ ಜೊತೆ ಓದ್ದೋರು. ನಂಗೆ... ಇಷ್ಟ, ಅಪ್ಪ."

ಹೇಳಿಬಿಟ್ಟಿದ್ದಳು. ಅದೂ ಅವನಿಗಿಂತ ಮೊದಲು ಅಪ್ಪನಿಗೆ!

ನಾಗಯ್ಯ ಮತ್ತೆ ಕೆಮ್ಮಿದ. ಆಮೇಲೆ, "ಕೆಲ್ಸ ಅದಾ ಅವ್ನಿಗೆ?"

ದಿನವಿಡೀ ಊರವರಿಗೆಲ್ಲ ಇದೇ ಪ್ರಶ್ನೆ ಕೇಳುವವನು ಬೆವರಿಹೋದ. ಫೋನಿನತ್ತ ಬಾಗಿ, "ಇದೆ ಸಾ. ಪರ್ಮನೆಂಟ್ ಅಲ್ಲ. ಎಂ.ಎ. ಓದ್ತಾನೂ ಇದೀನಿ," ಎಂದ.

"ಫೋನ್ನಲ್ಲಿ ಬ್ಯಾಡ, ಬಂದು ಮುಖ ತೋರ್ಸು. ನಾನೇನೂ ಹೂಂ ಅಂದಿಲ್ಲ, ತಿಳ್ಕೊ."

ನಾಗಯ್ಯ ಫೋನಿಟ್ಟಿದ್ದೇ ಶಿವಸ್ವಾಮಿ ತನ್ನ ಮನೆಗೆ ಫೋನ್ ಮಾಡಿ, ಸುತ್ತೂರಿನವರಿಗೆ ಬೇಡವೆಂದು ಇವತ್ತೇ ಹೇಳಿಬಿಡಿ ಅಂದ. ಅವನವ್ವನ ಬೈಗುಳ ಕಿಟಕಿಯಾಚೆ ನಿಂತವಳಿಗೂ ಚೆನ್ನಾಗಿ ಕೇಳಿಸಿತು.

"ಭಾನುವಾರ ದೇವನೂರಿಗೆ ಬರ್ಲಾ?"

"ನಿಂಗೆ ಇಷ್ಟ ಅಂತ ನೀನಿನ್ನೂ ಹೇಳೇ ಇಲ್ಲ."

"ಇಷ್ಟ ಕಣೇ... ಮೊದ್ಲಿಂದ್ಲೂ."

"ಹಂಗಾದ್ರೆ ಬಾ. ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ತಲೆ ತಗ್ಗಿಸಿ ಬರೋಳಲ್ಲ ನಾನು, ಈಗ್ಲೇ ಹೇಳಿದೀನಿ."

"ಬೇಡ. ಪಕ್ಕದಲ್ಲಿ ಬಂದು ಕೂತ್ಕೊ, ಸಾಕು. ನಿಮ್ಮಪ್ಪನ ಮುಂದೆ ಒಬ್ಬನೇ ಕೂರೋಕೆ ನಂಗೆ ಭಯ."