ಲೀಟರಿಗೆ ನಲವತ್ತೊಂದು

"ಎಷ್ಟು ಬಂತು?"

ಬೈಕಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಅವಳ ಪ್ರಶ್ನೆ. ಕೈಯಲ್ಲಿ ಪೆನ್ಸಿಲ್ಲು, ಎದುರಿಗೆ ತೆರೆದ ನೋಟ್‌ಬುಕ್ಕು, ಕಿವಿಯ ಪಕ್ಕ ಗ್ರೀಸಿನ ಒಂದು ಸಣ್ಣ ಗೆರೆ. ಕನ್ನಡಕದವನು ಹೆಲ್ಮೆಟ್ ತೆಗೆದ, ಆ ಗೆರೆಯನ್ನು ನೋಡಿದ.

"ನಲವತ್ತೊಂದು," ಅಂದ.

ಹಸಿ ಸುಳ್ಳು. ಲೀಟರಿಗೆ ಬಂದದ್ದು ಐವತ್ತೆಂಟು ಕಿಲೋಮೀಟರ್.

ಪೆನ್ಸಿಲ್ಲು ನಿಂತಿತು. "ನಾಲ್ಕು ತಿಂಗಳಾಯ್ತು ರೀ," ಅಂದಳು ಮೆಕ್ಯಾನಿಕ್, ಮೆಲ್ಲಗೆ. "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ಈಗ ನಲವತ್ತೊಂದು. ಎತ್ತಿನ ಗಾಡೀನೂ ಇದಕ್ಕಿಂತ ಬೇಗ ಸುಧಾರಿಸತ್ತೆ."

ಅವಳಿಗೆ ಬೇಜಾರಾಗದಿರಲಿ ಎಂದು ತಿಂಗಳಿಗೊಂದರಂತೆ ಏರಿಸುತ್ತ ಬಂದ ಪುಣ್ಯಾತ್ಮ ಅವನು! ಅಷ್ಟು ಮಾತ್ರ ದಯೆ ಇತ್ತು, ಬುದ್ಧಿ ಇರಲಿಲ್ಲ.

ಅವನದು ಕಣ್ಣಿನ ಆಸ್ಪತ್ರೆಯ ಕೆಲಸ. ತಿಂಗಳಿಗೊಮ್ಮೆ ಲೆನ್ಸಿನ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ನಾಲ್ಕು ದಿನ ಬೆಟ್ಟದಾಚೆಯ ಊರುಗಳನ್ನು ಸುತ್ತುವುದು, ಮುದುಕರ ಕಣ್ಣು ನೋಡುವುದು, ಹಿಂದಿನ ಸಲ ಅಳತೆ ತೆಗೆದವರಿಗೆ ಕನ್ನಡಕ ಕೊಟ್ಟು ಬರುವುದು. ಊರಂಚಿನ ಬಂಕ್ ದಾಟಿದರೆ ಆಮೇಲೆ ದಾರಿಯುದ್ದಕ್ಕೂ ಪೆಟ್ರೋಲ್ ಸಿಗುವ ಮಾತೇ ಇಲ್ಲ. ಕಟ್ಟಕಡೆಯ ಊರೊಂದನ್ನು ಸೇರಿಸಿದರೆ ಹೋಗಿ ಬರಲು ನಾನೂರ ಎಂಬತ್ತು ಕಿಲೋಮೀಟರ್. ಟ್ಯಾಂಕ್ ಹಿಡಿಯುವುದು ಹನ್ನೊಂದೇ ಲೀಟರ್. ಲೀಟರಿಗೆ ಮೂವತ್ತೆಂಟು ಕೊಡುತ್ತಿದ್ದ ಗಾಡಿಯಲ್ಲಿ ಆ ಕೊನೆಯ ಊರು ಕಣ್ಣಿಗೆ ಕಂಡರೂ ಚಕ್ರಕ್ಕೆ ಸಿಗುತ್ತಿರಲಿಲ್ಲ. ಒಮ್ಮೆ ಕ್ಯಾನಿನಲ್ಲಿ ಪೆಟ್ರೋಲ್ ಒಯ್ದು ನೋಡಿದ್ದ. ಕನ್ನಡಕಗಳಿಗೆಲ್ಲ ಅದರ ವಾಸನೆ ಹತ್ತಿ, ಮೊದಲ ಊರಿನ ತಾತ ಒಬ್ಬರು "ಕಣ್ಣೇನೋ ಕಾಣತ್ತೆ ಮಗಾ, ತಲೆ ತಿರುಗತ್ತೆ" ಎಂದು ವಾಪಸ್ ಕೊಟ್ಟಿದ್ದರು.

ಆಗ ಅವನು ಈ ಗ್ಯಾರೇಜಿಗೆ ಬಂದದ್ದು. ಅವಳ ಸೋದರಮಾವನ ಗ್ಯಾರೇಜು. ಕಿಟಕಿಯ ಪಕ್ಕದ ಕಾರ್ಬುರೇಟರ್ ಬೆಂಚು ಮಾತ್ರ ಅವಳದು. ಕೊನೆಯ ಊರಿನ ವಿಷಯ ಕೇಳಿ ಅವಳು, "ಅಲ್ಲಿ ಕಣ್ಣು ಕಾಣದವರು ಎಷ್ಟು ಜನ ಇದಾರೋ ಏನೋ, ಅಲ್ವಾ?" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕೆಲಸಕ್ಕೆ ಕೂತಳು. ಹಿಂದಿನ ಬ್ರೇಕ್ ಚಕ್ರಕ್ಕೆ ಉಜ್ಜುತ್ತಿತ್ತು, ಸರಿ ಮಾಡಿದಳು. ಕಾರ್ಬುರೇಟರಿನ ಸವೆದ ಸೂಜಿ ತೆಗೆದು ಹೊಸದು ಹಾಕಿದಳು. ಟೈರಿಗೆ ಗಾಳಿ ತುಂಬಿದಳು. ಆಮೇಲೆ ಅವನಿಗೆ ಪಾಠ ಶುರುವಾಯಿತು.

"ಸುಮ್‌ಸುಮ್ನೆ ಕ್ಲಚ್ ಹಿಡೀಬೇಡಿ. ಅದೇನು ಪರಿಚಯದವರ ಕೈಯಾ? ನಲವತ್ತೈದರಲ್ಲಿ ಒಂದೇ ಸಮ ಹೋಗಿ. ಆತುರಗಾರನಿಗೆ ಬುದ್ಧಿ ಮಟ್ಟ, ಪೆಟ್ರೋಲೂ ಮಟ್ಟ."

ಆ ತಿಂಗಳು ಗಾಡಿ ಐವತ್ತೆಂಟು ಕೊಟ್ಟಿತು. ಕೊನೆಯ ಊರಿಗೆ ಹೋಗಿ ಬಂದರೂ ಟ್ಯಾಂಕಿನಲ್ಲಿ ಇನ್ನೂ ಉಳಿದಿತ್ತು. ಹೇಳಬೇಕೆಂದು ಓಡೋಡಿ ಬಂದ. ಅವಳು ತಲೆಯೆತ್ತಿ, ಕಣ್ಣ ಮೇಲೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಿ, "ಎಷ್ಟು ಬಂತು?" ಎಂದಳು. ಗಾಡಿ ಸರಿಹೋಯಿತು ಅಂದರೆ ಇನ್ನು ಆರು ತಿಂಗಳು ಇತ್ತ ಕಾಲಿಡಲು ನೆಪವಿಲ್ಲ ಎಂಬುದು ಅವನಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಬಾಯಿ ತಾನಾಗಿಯೇ "ಮೂವತ್ತೆಂಟು" ಅಂದುಬಿಟ್ಟಿತು. ಅವಳು "ಕೂತ್ಕೊಳ್ಳಿ, ಬಿಚ್ಚಿ ನೋಡ್ತೀನಿ" ಅಂದಳು. ಎರಡು ಗಂಟೆ ಕೂತ. ಸ್ವರ್ಗಕ್ಕೆ ಮೂರೇ ಗೇಣು.

ಇವತ್ತೂ ಅವಳು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಳು. "ನೋಡಿ, ಚಾಕೊಲೇಟ್ ಬಣ್ಣ. ಇದಕ್ಕಿಂತ ಚೆನ್ನಾಗಿ ಇಂಜಿನ್ ಉರಿಯೋಕೆ ಸಾಧ್ಯ ಇಲ್ಲ. ಪ್ಲಗ್ ಸರಿ ಇದೆ ಅನ್ನತ್ತೆ, ನೀವು ಇಲ್ಲ ಅಂತೀರಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕನ್ನಡಕದವನು ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಗಿರಾಕಿಗಳು ಯಾಕೆ ಸುಳ್ಳು ಹೇಳ್ತಾರೆ, ಪಾಪ," ಅಂದಳು ಅವಳೇ. "ನನ್ನ ಕೈಯೇ ಸರಿ ಇಲ್ಲ. ಇರಲಿ ಬಿಡಿ, ಮುಂದಿನ ಸಲ ಹೊಸಬರು ನೋಡ್ತಾರೆ."

"ಯಾವ ಹೊಸಬರು?"

ಉತ್ತರ ಕೊಟ್ಟದ್ದು ಒಳಗಿನಿಂದ ಬಂದ ಸೋದರಮಾವ. ದೊಡ್ಡ ಹೊಟ್ಟೆಯ, ಸಣ್ಣ ದನಿಯ, ಕೆಟ್ಟವನಲ್ಲದ ಮನುಷ್ಯ. "ಸೋಮವಾರ ಬೇರೆ ಮೆಕ್ಯಾನಿಕ್ ಬರ್ತಾರೆ ಕಣ್ರೀ. ಪುಟ್ಟಿ ಇನ್ಮೇಲೆ ಸ್ಪೇರ್‌ಪಾರ್ಟ್ಸ್ ಕೌಂಟರಲ್ಲಿ ಕೂತ್ಕೋತಾಳೆ. ಒಂದು ಗಾಡಿಯನ್ನ ನಾಲ್ಕು ತಿಂಗಳು ಬಿಚ್ಚಿ ಜೋಡಿಸಿದ್ರೂ ಮೈಲೇಜ್ ಬರಲ್ಲ ಅಂದ್ರೆ, ಬೆಂಚು ಅವಳ ಕೈಗೆ ಕೊಟ್ಟು ನಾನೇ ತಪ್ಪು ಮಾಡ್ದೆ ಅಂತ ಅರ್ಥ."

ಅವಳು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಹಳೆಯ ಗೋಣಿತಾಟಿನಲ್ಲಿ ಸುತ್ತತೊಡಗಿದಳು, ಯಾರದೋ ಸಾಮಾನು ಕಟ್ಟಿಕೊಡುವ ಹಾಗೆ.

ಕನ್ನಡಕದವನಿಗೆ ಈಗ ಅರ್ಥವಾಯಿತು. ತಾನು ಎರಡೆರಡು ಗಂಟೆಯ ಸುಖಕ್ಕೆಂದು ಹೇಳಿದ ಸುಳ್ಳು ಅವಳ ಕೈಯ ಕೆಲಸವನ್ನೇ ನುಂಗಿಹಾಕಿತ್ತು.

"ಸುಳ್ಳು!" ಅಂದ ಜೋರಾಗಿ. "ನಾನು ಹೇಳಿದ್ದೆಲ್ಲ ಸುಳ್ಳು. ಮೊದಲನೇ ತಿಂಗಳಿಂದಾನೂ ಐವತ್ತೆಂಟು ಕೊಡ್ತಿದೆ. ಇವರ ಕೈ ಬಂಗಾರ ಸಾರ್!"

ಸೋದರಮಾವ ಅವನನ್ನು ಒಂದು ನಿಮಿಷ ನೋಡಿ ಮುಗುಳ್ನಕ್ಕ. "ಒಳ್ಳೆ ಮನಸ್ಸು ನಿಮ್ದು. ಹುಡುಗಿ ಬೆಂಚು ಉಳೀಲಿ ಅಂತ ಈಗ ಸುಳ್ಳು ಹೇಳ್ತಿದೀರಿ."

"ಅಯ್ಯೋ, ಈಗ ನಿಜ ಹೇಳ್ತಿದೀನಿ! ಮುಂಚೆ ಹೇಳಿದ್ದು ಸುಳ್ಳು!"

"ಹೂಂ ಹೂಂ."

ಇಂಗು ತಿಂದ ಮಂಗನಂತಾದ ಕನ್ನಡಕದವನು ಅವಳತ್ತ ತಿರುಗಿದ. ಅವಳ ಮುಖ ಕೆಂಪಗಾಗಿತ್ತು. "ನಿಮ್ಮ ಕರುಣೆ ನನಗೆ ಬೇಡ ರೀ," ಅಂದಳು. "ಮಾವ, ಬಾಟಲಿ ಟೆಸ್ಟ್ ಮಾಡೋಣ. ನಲವತ್ತೊಂದಕ್ಕೆ ನಿಂತ್ರೆ ನಾನೇ ಹೋಗಿ ಕೌಂಟರಲ್ಲಿ ಕೂರ್ತೀನಿ. ಯಾರ ದಾನದ ಬೆಂಚೂ ಬೇಡ ನನಗೆ."

ಬಾಟಲಿ ಟೆಸ್ಟ್ ಅಂದರೆ ಇಷ್ಟೇ. ಟ್ಯಾಂಕನ್ನು ಖಾಲಿ ಮಾಡಿ, ಅದರ ಪೈಪು ಕಳಚಿ, ಅಳೆದ ಒಂದೇ ಲೀಟರ್ ಪೆಟ್ರೋಲ್ ತುಂಬಿದ ಬಾಟಲಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಅದರ ಪೈಪನ್ನು ಕಾರ್ಬುರೇಟರಿಗೆ ಸೇರಿಸುವುದು. ಗಾಡಿ ನಿಲ್ಲುವತನಕ ಓಡಿಸುವುದು. ಊರಿನ ಸುತ್ತಿನ ರಸ್ತೆ ಸರಿಯಾಗಿ ಇಪ್ಪತ್ತು ಕಿಲೋಮೀಟರ್, ಗ್ಯಾರೇಜಿನ ಮುಂದೆಯೇ ಹಾದುಹೋಗುತ್ತದೆ. ಸೋದರಮಾವ ಸೀಸೆಯಿಂದ ತಾನೇ ಅಳೆದು ಹಾಕಿ, ಮೀಟರಿನ ಅಂಕಿಯನ್ನು ಚಾಕ್‌ಪೀಸಿನಲ್ಲಿ ಟ್ಯಾಂಕಿನ ಮೇಲೆ ಬರೆದ. "ದೂರು ಕೊಟ್ಟೋರು ಹಿಂದೆ ಕೂತ್ಕೊಳ್ಳಿ. ಕಣ್ಣಾರೆ ನೋಡಿ," ಅಂದ.

ಅವಳು ಕೈಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹತ್ತಿದಳು. ಇವನು ಹಿಂದೆ ಕೂತ. ಹೊರಟಿತು ಗಾಡಿ.

ಅವಳ ಓಡಿಸುವಿಕೆಯೇ ಬೇರೆ. ಮುಳ್ಳು ನಲವತ್ತೈದಕ್ಕೆ ಅಂಟಿ ನಿಂತಿತ್ತು. ಉಬ್ಬು ದೂರದಲ್ಲಿ ಕಂಡಾಗಲೇ ಕೈ ಸಡಿಲಿಸುವಳು, ಬ್ರೇಕ್ ಮುಟ್ಟದೆ ದಾಟುವಳು. ಇವನು ನಾಲ್ಕು ಸಲ "ಕೇಳಿ ಇಲ್ಲಿ" ಅಂದ. ಅವಳ ಬೆನ್ನು ಉತ್ತರ ಕೊಡಲಿಲ್ಲ. ಇಪ್ಪತ್ತನೇ ಕಿಲೋಮೀಟರಿನಲ್ಲಿ ಸೋದರಮಾವ ಬಾಗಿಲಲ್ಲಿ ಟೀ ಕುಡಿಯುತ್ತಿದ್ದ. ನಲವತ್ತನೆಯದರಲ್ಲಿ ಎರಡನೇ ಲೋಟ ಕೆಳಗಿಟ್ಟು, ಇನ್ನೇನು ಮುಗಿಯಿತು ಎಂಬಂತೆ ತಲೆಯಾಡಿಸಿದ.

ನಲವತ್ತೊಂದು ಬಂತು. ಅವಳ ಕಿವಿ ಇಂಜಿನ್ನಿಗೆ ಅಂಟಿತು. ಇಂಜಿನ್ ಕೆಮ್ಮಲಿಲ್ಲ.

"ಕೇಳಿ," ಅಂದ ಇವನು ಅವಳ ಹೆಲ್ಮೆಟ್ಟಿನ ಹತ್ತಿರ ಬಾಗಿ. "ಇಲ್ಲಿಂದ ಮುಂದಿನ ಹದಿನೇಳು ಕಿಲೋಮೀಟರು ನಾನು ನಿಮ್ಮಿಂದ ಕದ್ದಿದ್ದು. ಕೊನೇ ಊರಿಗೆ ನಾಲ್ಕು ಸಲ ಹೋಗಿ ಬಂದಿದೀನಿ. ಹದಿನೇಳು ಜನಕ್ಕೆ ಕನ್ನಡಕ ಕೊಟ್ಟಿದೀನಿ. ಎಲ್ಲರೂ ನಿಮಗೆ ಥ್ಯಾಂಕ್ಸ್ ಹೇಳಿ ಕಳಿಸಿದಾರೆ. ನಿಮಗೆ ತಲುಪಿಸಿದ್ರೆ ಸುಳ್ಳು ಬಯಲಾಗತ್ತೆ ಅಂತ ನನ್ನತ್ರಾನೇ ಇಟ್ಕೊಂಡಿದ್ದೆ. ಈಗ ಕೊಡ್ತೀನಿ, ಒಂದೊಂದು ಕಿಲೋಮೀಟರಿಗೆ ಒಂದು."

ಅವಳ ತಲೆ ಸ್ವಲ್ಪವೇ ಸ್ವಲ್ಪ ಈ ಕಡೆ ವಾಲಿತು.

"ನಲವತ್ತೆರಡು, ಗಡಿಯಾರ ರಿಪೇರಿಯವರು. ಮೂರು ವರ್ಷದಿಂದ ಅಂಗಡಿ ಮುಚ್ಚಿದ್ರು. ಮೊನ್ನೆ ನನ್ನ ವಾಚು ಕಿತ್ಕೊಂಡು ಬಿಚ್ಚಿ, ಕ್ಲೀನ್ ಮಾಡಿ ಕೊಟ್ರು. 'ಇದು ನಿನಗಲ್ಲಪ್ಪ, ನಿನ್ನ ಗಾಡಿ ರಿಪೇರಿ ಮಾಡಿದೋರಿಗೆ' ಅಂದ್ರು. ನಲವತ್ತಮೂರು, ಒಬ್ಬರು ಅಜ್ಜಿ. ಮೊಮ್ಮಗಳ ಕೆನ್ನೆ ಮೇಲೆ ಮಚ್ಚೆ ಇದೆ ಅಂತಾನೇ ಅವರಿಗೆ ಗೊತ್ತಿರಲಿಲ್ಲ. ಉಜ್ಜಿ ಉಜ್ಜಿ ನೋಡಿದ್ರು. ಆಮೇಲೆ ಅತ್ತುಬಿಟ್ರು."

ಹೀಗೇ ಸಾಗಿತು. ನಲವತ್ತೇಳರಲ್ಲಿ ನಿವೃತ್ತ ಮೇಷ್ಟರು, ನಲವತ್ತೊಂಬತ್ತರಲ್ಲಿ ಅಕ್ಕಿಯಲ್ಲಿ ಕಲ್ಲು ಉಳಿಸುತ್ತಾಳೆಂದು ಸೊಸೆಯಿಂದ ದಿನಾ ಬೈಸಿಕೊಳ್ಳುತ್ತಿದ್ದ ಅತ್ತೆ, ಐವತ್ತಮೂರರಲ್ಲಿ ಒಬ್ಬರಿಗೊಬ್ಬರು ಎಷ್ಟು ಮುದುಕರಾಗಿದ್ದೇವೆಂದು ನೋಡಿ ಬಿದ್ದು ಬಿದ್ದು ನಕ್ಕ ಗಂಡ ಹೆಂಡತಿ. ಇಬ್ಬರಿದ್ದುದರಿಂದ ಐವತ್ತನಾಲ್ಕೂ ಅವರದೇ ಆಯಿತು. ಎಲ್ಲೋ ಐವತ್ತೈದರ ಹತ್ತಿರ ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಬೆರಳಿಂದ ಕಣ್ಣೊರೆಸಿಕೊಂಡದ್ದನ್ನು ಇವನು ಕನ್ನಡಿಯಲ್ಲಿ ನೋಡಿದ.

ಐವತ್ತೆಂಟು. "ಇದು ಹೊಲಿಗೆ ಅಜ್ಜಿದು. ಸೂಜಿಗೆ ದಾರ ಪೋಣಿಸೋಕೆ ಆರು ವರ್ಷದಿಂದ ದಾರೀಲಿ ಹೋಗೋರನ್ನ ಕರೀತಿದ್ರು. ಕನ್ನಡಕ ಹಾಕ್ಕೊಂಡು ಮೂರು ಸಲ ಪೋಣಿಸಿ, ಎಳೆದು, ಮತ್ತೆ ಪೋಣಿಸಿದ್ರು. 'ಇಷ್ಟು ದೂರ ಹೇಗೆ ಬಂದ್ಯೋ' ಅಂದ್ರು. ನಿಮ್ಮ ವಿಷಯ ಹೇಳ್ದೆ. ಅವರು ಕೊಟ್ಟಿರೋದು ಬಾಯಿಮಾತಲ್ಲ, ವಸ್ತು. ನಿಂತ ಮೇಲೆ ಕೊಡ್ತೀನಿ. ಅಲ್ಲಿಗೆ ಅವರೆಲ್ಲರದೂ ಮುಗೀತು."

ಗಾಡಿ ನಿಲ್ಲಲಿಲ್ಲ.

"ಇನ್ನು ಮುಂದಿಂದು?" ಮೊದಲ ಸಲ ಅವಳ ದನಿ.

"ಮುಂದಿಂದು ನಂದು. ಮೈಲೇಜ್ ಬಂದ್ರೆ ಗ್ಯಾರೇಜಿಗೆ ಬರೋಕೆ ನೆಪ ಇರಲ್ಲ. ಅದಕ್ಕೇ ಸುಳ್ಳು ಹೇಳ್ದೆ. ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮ ಕೆಲಸಕ್ಕೇ ಕುತ್ತು ಬರತ್ತೆ ಅಂತ ತಲೆಗೆ ಹೋಗ್ಲೇ ಇಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ. ನೀವು ಸರಿ ಮಾಡಿದ ಗಾಡೀಲಿ ಹೋಗಿ ಎಷ್ಟು ಜನರ ಮುಖ ಅರಳಿದ್ದು ನೋಡಿದೀನಿ ಗೊತ್ತಾ? ನನಗೆ ಬದುಕಲ್ಲಿ ಇಷ್ಟು ಒಳ್ಳೇದು ಯಾರೂ ಮಾಡಿಲ್ಲ."

ಅಷ್ಟರಲ್ಲಿ ಅರವತ್ತು, ಎದುರಿಗೆ ಗ್ಯಾರೇಜು. ಸೋದರಮಾವ ರಸ್ತೆಗೇ ಬಂದು ನಿಂತಿದ್ದ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ಬಾಟಲಿ ನೋಡಿ, ಮತ್ತೆ ಹಣೆಗೇರಿಸಿ, "ಪುಟ್ಟೀ! ಇನ್ನೂ ಇದೆಯೇನೇ!" ಎಂದು ಕೂಗಿದ. "ಸೋಮವಾರ ಬೆಂಚು ಬಿಟ್ಟು ಅಲ್ಲಾಡಿದ್ರೆ ನೋಡು!" ಅವಳು ಹಾರ್ನ್ ಹೊಡೆದು ಮುಂದೆ ಹೋದಳು.

ಅರವತ್ತೊಂದೂ ಮುಕ್ಕಾಲಿಗೆ, ತಿರುವಿನ ಆಚೆ, ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಅವಳು ಇಳಿದಳು, ಹೆಲ್ಮೆಟ್ ತೆಗೆದಳು, ಕೈಯನ್ನು ಬಿಸಿ ಇಂಜಿನ್ನಿನ ಸಮೀಪ ಹಿಡಿದು ನೋಡಿದಳು. ಆಮೇಲೆ ಕೆಂಡಾಮಂಡಲವಾಗಿ ಇವನತ್ತ ತಿರುಗಿದಳು.

"ನಾಲ್ಕು ತಿಂಗಳು ರೀ! ಊಟ ಮಾಡುವಾಗಲೂ ನಿಮ್ಮ ಕಾರ್ಬುರೇಟರೇ ತಲೇಲಿ! ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು! 'ನಿಮ್ಮನ್ನ ನೋಡೋಕೆ ಬಂದೆ' ಅಂತ ಹೇಳೋಕೆ ಬಾಯಿ ಇರಲಿಲ್ವಾ?"

"ಇರಲಿಲ್ಲ."

"ಇನ್ನೊಂದು ಸಲ ನನ್ನ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದ್ರೆ ನಿಮ್ಮ ಟ್ಯಾಂಕಿಗೆ ಸಕ್ಕರೆ ಹಾಕ್ತೀನಿ."

"ಹಾಕಿ."

ಅವನು ಬೈಕಿನ ಹಿಂದೆ ಕಟ್ಟಿದ್ದ ಲೆನ್ಸಿನ ಪೆಟ್ಟಿಗೆಯಿಂದ ಒಂದು ಬಟ್ಟೆಯ ಸುರುಳಿ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅವಳು ಅದನ್ನು ಸೀಟಿನ ಮೇಲೆ ಬಿಡಿಸಿದಳು. ದಪ್ಪ ನೀಲಿ ಬಟ್ಟೆ. ಸಾಲಾಗಿ ಸ್ಪ್ಯಾನರುಗಳಿಗೆ ಜೇಬುಗಳು. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಅಂಕಿ: ಎಂಟು, ಹತ್ತು, ಹನ್ನೆರಡು. ಹೊಲಿಗೆ ಇರುವೆ ಸಾಲಿನಷ್ಟು ನೇರ. ಹದಿಮೂರರ ಜೇಬಿಗೆ ಮಾತ್ರ ಎರಡು ಪದರ.

"ಹದಿಮೂರು ಯಾಕೆ ಎರಡು ಪದರ?"

"ನೀವು ಜಾಸ್ತಿ ಉಪಯೋಗಿಸೋದು ಅದನ್ನೇ. ಬೇಗ ಹರಿಯತ್ತೆ ಅಂತ ಅಜ್ಜಿಗೆ ನಾನೇ ಹೇಳಿದ್ದೆ."

ಅವಳು ಆ ಜೇಬಿನೊಳಗೆ ಬೆರಳು ಹಾಕಿ ನೋಡಿದಳು. ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೂ ತಿಳಿಯಲಿಲ್ಲ. "ನಿಮ್ಮ ಗಾಡಿ ಬರೋ ದಿನ," ಅಂದಳು ಬಟ್ಟೆ ನೋಡುತ್ತಲೇ, "ನಾನು ಬೆಳಿಗ್ಗೆಯಿಂದ ಬೇರೆ ಗಾಡಿ ಮುಟ್ತಿರಲಿಲ್ಲ. ಮಾವ ಬೈತಿದ್ರು. ನಿಮ್ಮ ಮೈಲೇಜ್ ಸರಿಹೋಗಲಿ ಅಂತ ಎಷ್ಟು ಬೇಡ್ಕೊಂಡೆನೋ, ಸರಿಹೋದ್ರೆ ನೀವು ಬರಲ್ವಲ್ಲ ಅಂತ ಅಷ್ಟೇ ಸಂಕಟ ಪಟ್ಟಿದೀನಿ." ಈಗ ತಲೆಯೆತ್ತಿದಳು. "ಮುಂದಿನ ತಿಂಗಳು ನಾನೂ ಬರ್ತೀನಿ. ಇಬ್ಬರು ಕೂತ್ರೂ ನಾನೂರ ಎಂಬತ್ತು ಆರಾಮಾಗಿ ಬರತ್ತೆ. ಆ ಅಜ್ಜಿಗೆ ಥ್ಯಾಂಕ್ಸ್ ನಾನೇ ಹೇಳಬೇಕು."

ಅವನು ತಲೆಯಾಡಿಸಿದ, ಒಂದಲ್ಲ, ಐದಾರು ಸಲ.

"ಈಗ ಗಾಡಿ?" ಅಂದ ಕೊನೆಗೆ. "ಪೆಟ್ರೋಲ್ ಏನಾದ್ರೂ ತಂದಿದೀರಾ?"

"ಇಲ್ಲ. ತಳ್ಳಬೇಕು. ಎರಡು ಕಿಲೋಮೀಟರೂ ಇಲ್ಲ."

ಅವನು ಹ್ಯಾಂಡಲ್ ಹಿಡಿದ, ಅವಳು ಪಕ್ಕದಲ್ಲಿ ಸೀಟಿನ ಮೇಲೆ ಕೈಯಿಟ್ಟು ನಡೆದಳು. ಸಂಜೆಯ ಬಿಸಿಲು ಹಿತವಾಗಿತ್ತು. ನೂರು ಹೆಜ್ಜೆ ಹೋಗಿರಬೇಕು. ಅವಳ ಕೈಚೀಲದೊಳಗಿಂದ, ಹೆಜ್ಜೆ ಹಾಕಿದಾಗಲೆಲ್ಲ, ಬಾಟಲಿಯೊಂದು ಗುಳುಗುಳು ಎನ್ನುವುದು ಅವನಿಗೆ ಕೇಳಿಸಿತು. ಜೊತೆಗೆ ತೆಳ್ಳಗೆ ಒಂದು ವಾಸನೆ. ಕ್ಯಾನಿನಲ್ಲಿ ಪೆಟ್ರೋಲ್ ಹೊತ್ತು ತಿರುಗಿದವನಿಗೆ ಅದು ಯಾವ ವಾಸನೆಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಚೀಲದಲ್ಲಿ ಏನದು, ಶಬ್ದ?"

"ನೀರು," ಅಂದಳು ಅವಳು, ರಸ್ತೆಯನ್ನೇ ನೋಡುತ್ತ.

ಹಸಿ ಸುಳ್ಳು. ಕನ್ನಡಕದವನು ಏನೂ ಹೇಳದೆ, ತಳ್ಳುವುದನ್ನು ಇನ್ನಷ್ಟು ನಿಧಾನ ಮಾಡಿದ.