ಗರಗಸದವನು ಕೂರಿಸಿದ ಕಿಟಕಿ

“ಆ ಗರಗಸ ನಿಲ್ಲಿಸಿ. ಇಲ್ಲಾಂದ್ರೆ ನನ್ನ ಕಿಟಕಿ ಸರಿ ಮಾಡಿಕೊಡಿ. ಎರಡರಲ್ಲಿ ಒಂದು ಆಗ್ಲೇಬೇಕು.”

ಎದುರು ಮನೆಯ ಮಹಡಿಯಿಂದ ಇಳಿದು ಬಂದವಳ ಮೊದಲ ಮಾತೇ ಇದು. ಅವಳು ಮನೆಯಲ್ಲೇ ಕುಳಿತು ಕಥೆ ಓದಿ, ರೆಕಾರ್ಡ್ ಮಾಡಿ ಕಳಿಸುವವಳು. ಅವನು ಅಂಗಡಿಯಲ್ಲಿ ಅಲ್ಯೂಮಿನಿಯಂ ಕೊಯ್ದು ಸ್ಲೈಡಿಂಗ್ ಕಿಟಕಿ ಮಾಡುವವನು. ಕಥೆಯ ನಾಯಕಿ ಕಣ್ಣೀರಿಡುವ ಹೊತ್ತಿಗೇ ಅವನ ಗರಗಸ ಕಿರ್ರೆನ್ನುತ್ತಿತ್ತು. ಸದ್ದು ಸೇರಿದೆಯೆಂದು ಇನ್ನೊಂದು ಓದು ವಾಪಸ್ ಬಂದರೆ ಅವಳ ಕೆಲಸಕ್ಕೇ ಕುತ್ತು.

ಮಹಾಶಯ ಬಂದ. ಗಾಜುಗಳನ್ನು ಕಳಚಿ, ಅಂಚಿಗೆ ಸದ್ದು ತಡೆಯುವ ಹೊಸ ಬ್ರಷ್ ಪಟ್ಟಿ ಕೂರಿಸಿದ. ಕಣ್ಣು ಕೆಲಸದ ಮೇಲಿತ್ತೇ? ಎಲ್ಲಿ ಬಂತು... ಕುರ್ಚಿಯಲ್ಲಿ ಕುಳಿತವಳ ಮೇಲಿತ್ತು. ‘ಇವನ ಮುಖಕ್ಕೆ ಅಂಗಡಿ ಬೇರೆ ಕೇಡು’ ಅಂದುಕೊಂಡಳು.

ಆದರೆ ಮರುದಿನದಿಂದ ಅವಳು ಓದುವ ಮಧ್ಯಾಹ್ನವೆಲ್ಲ ನಿಶ್ಶಬ್ದ. ಓದುಗಳೆಲ್ಲ ಪಾಸಾದವು. ಹಾಳಾದವನಿಗೆ ಕೆಲಸ ಬರುತ್ತದೆ ಎಂದು ಮನೆಯಲ್ಲಿದ್ದ ಚಿಕ್ಕಮ್ಮನ ಮುಂದೆ ಒಪ್ಪಿಕೊಂಡಳು ಕೂಡ. ಚಿಕ್ಕಮ್ಮ ನಕ್ಕುಬಿಟ್ಟಳು. ನೀನು ಓದುವಷ್ಟು ಹೊತ್ತು ಅವನು ಗರಗಸವನ್ನೇ ಮುಟ್ಟುವುದಿಲ್ಲ, ಗಿರಾಕಿಗಳು ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದಾರೆ ಎಂದಳು.

ಅವಳಿಗೆ ಮೈಯೆಲ್ಲ ಉರಿಯಿತು. ಕನಿಕರವೇ? ತನ್ನ ಮೇಲೆ? ಆ ಗರಗಸದವನಿಗೆ?

ಚಪ್ಪಲಿ ಮೆಟ್ಟಿದವಳೇ ಅಂಗಡಿಗೆ ನುಗ್ಗಿದಳು. “ನಾನೇನು ನಿಮ್ಮ ಹತ್ರ ದಯೆ ಬೇಡಿದ್ನಾ?”

ಅವನು ತಲೆ ತಗ್ಗಿಸಿದ. “ದಯೆ ಅಲ್ಲ... ನಾಚಿಕೆ. ಒಳಗಿನ ಗಾಜನ್ನ ಹೊರಗಿನ ಟ್ರ್ಯಾಕ್‌ಗೆ ಹಾಕಿಬಿಟ್ಟಿದೀನಿ. ನಡುವಿನ ಕೊಕ್ಕೆಗಳು ಒಂದಕ್ಕೊಂದು ಕಚ್ಚಲ್ಲ, ಸಂದು ಬಿಟ್ಟಿದೆ. ಕಿಟಕಿಯವನಿಗೆ ಕಿಟಕಿ ಕೂರಿಸೋಕೆ ಬರಲ್ಲ ಅಂತ ನಿಮ್ಮೆದುರು ಹೇಗೆ ಹೇಳ್ಲಿ? ಅದಕ್ಕೇ ಗರಗಸ ನಿಲ್ಲಿಸಿದೆ.”

ಛೀ, ಇವನೂ ಒಬ್ಬ ಕಸುಬುದಾರ... ಬೈಯಲು ಬಾಯಿ ತೆರೆದವಳಿಗೆ ಯಾಕೋ ಕಣ್ಣು ತುಂಬಿತು. ಅವಳ ಅನ್ನ ಉಳಿಸಲು ಹೋಗಿ ತನ್ನ ಅನ್ನಕ್ಕೇ ಕಲ್ಲು ಹಾಕಿಕೊಂಡಿದ್ದ, ಪೆದ್ದ.

ಈಗಲೇ ಬಂದು ಸರಿ ಮಾಡಿ ಎಂದು ಎಳೆದು ತಂದಳು. ಗಾಜುಗಳು ಅದಲುಬದಲಾದವು, ಕೊಕ್ಕೆ ಟಕ್ಕೆಂದು ಕಚ್ಚಿತು. ಅವನನ್ನು ಅಂಗಡಿಗೆ ಅಟ್ಟಿ ಗರಗಸ ಓಡಿಸಲು ಹೇಳಿದಳು. ಮುಚ್ಚಿದ ಕಿಟಕಿಯ ಈಚೆ ಕೇಳಿಸಿದ್ದು ಸೊಳ್ಳೆಯಷ್ಟು ಸದ್ದು. ಅವನು ಮಾತ್ರ ಗರಗಸ ನಿಲ್ಲಿಸಿ, ಬೀದಿಗೆ ಬಂದು, ಸೋತ ಮುಖ ಹಾಕಿಕೊಂಡು ಮೇಲೆ ನೋಡುತ್ತಿದ್ದ.

ಅವಳು ಕಿಟಕಿ ಸರಿಸಿದಳು. “ಈಗೇನು ಕೊರತೆ?”

“ಆ ಸಂದಿಯಿಂದ ನೀವು ಓದೋದು ಕೇಳಿಸ್ತಿತ್ತು... ಅದು ಕೇಳ್ದೆ ನಂಗೆ ದಿನ ಹೋಗಲ್ಲ.”

ಈ ಪೆದ್ದನನ್ನೇ ತಾನು ಪ್ರೀತಿಸುತ್ತಿದ್ದೇನೆ ಎಂದು ತಿಳಿದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಸಂಜೆ ಮನೆಗೆ ಬನ್ನಿ. ಓದಿ ಹೇಳ್ತೀನಿ.”

“ಎಷ್ಟು ದಿನ?”

“ನಿಮಗೆ ಸಾಕು ಅನ್ನಿಸೋವರೆಗೆ.”

“ಸಾಕು ಅನ್ನಿಸದೇ ಇದ್ರೆ...?”

“ಆಗ ಇಲ್ಲೇ ಇದ್ದುಬಿಡಿ,” ಎಂದಳು. “ಗರಗಸ ಮಾತ್ರ ಅಲ್ಲೇ ಬಿಟ್ಟು ಬನ್ನಿ.”